ಉರಿಯ ಹದ ಅರಿತ ವಿಜ್ಞಾನಿ ಅರ್ರಾಝಿ



ಶಾಲೆಯ ಪ್ರಯೋಗಾಲಯದಲ್ಲಿ ಬಟ್ಟಿ ಇಳಿಸುವ ಪ್ರಯೋಗವನ್ನು ನೀವು ನೋಡಿರಬಹುದು. ದ್ರವವನ್ನು ಕಾಯಿಸಿ ಆವಿ ಮಾಡಿ, ಆ ಆವಿಯನ್ನು ತಣಿಸಿ ಮತ್ತೆ ದ್ರವವಾಗಿ ಹಿಡಿಯುವುದೇ ಬಟ್ಟಿ ಇಳಿಸುವುದು. ಹೇಳಲು ಸುಲಭ, ಕಷ್ಟವಿರುವುದು ಉರಿಯ ಹದದಲ್ಲಿ. ಸುಮಾರು 1,100 ವರ್ಷಗಳ ಹಿಂದೆ ಈ ವಿದ್ಯೆಯ ಉಪಕರಣಗಳನ್ನು ಒಂದೊಂದಾಗಿ ಬರೆದಿಟ್ಟ ಮಹನೀಯರು ಅಬೂಬಕರ್ ಮುಹಮ್ಮದ್ ಬಿನ್ ಝಕರಿಯಾ ಅರ್ರಾಝಿ.

ಅವರು ಕ್ರಿ.ಶ. 865ರಲ್ಲಿ ಇಂದಿನ ಇರಾನಿನ ತೆಹ್ರಾನ್ ಬಳಿಯ ರೈ ಪಟ್ಟಣದಲ್ಲಿ ಜನಿಸಿದರು. ಊರಿನಿಂದಲೇ ಅರ್ರಾಝಿ ಎಂಬ ಹೆಸರು ಬಂತು. ಮೊದಲು ಅವರ ಮನಸ್ಸು ರಸವಿದ್ಯೆಯ ಕಡೆಗಿತ್ತು. ವೈದ್ಯಶಾಸ್ತ್ರ ಕಲಿತದ್ದು ತಡವಾಗಿ. ಆದರೂ ರೈ ಮತ್ತು ಬಗ್ದಾದಿನ ಆಸ್ಪತ್ರೆಗಳ ಮುಖ್ಯಸ್ಥರಾದರು. ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಲಕ್ಷಣಗಳ ಸಮೇತ ವಿವರಿಸಿ ಗ್ರಂಥ ಬರೆದರು. ಮಹಾವೈದ್ಯ ಗೇಲೆನ್‌ರ ಮಾತನ್ನೂ ಪರೀಕ್ಷಿಸದೆ ಒಪ್ಪಲಿಲ್ಲ. ಮುಂದೆ ಅಲ್‌ಬೀರೂನಿಯವರು ಅರ್ರಾಝಿಯವರ ಕೃತಿಗಳ ಪಟ್ಟಿ ಮಾಡಿದಾಗ ಸಂಖ್ಯೆ 184ಕ್ಕೆ ಏರಿತು.

ಅವುಗಳಲ್ಲಿ ರಸವಿದ್ಯೆಯ 'ಕಿತಾಬುಲ್ ಅಸ್ರಾರ್' ಮುಖ್ಯವಾದದ್ದು. ಅದರಲ್ಲಿ ವಸ್ತುಗಳು, ಉಪಕರಣಗಳು, ವಿಧಾನಗಳು ಎಂದು ಮೂರು ವಿಭಾಗಗಳಿವೆ. ಬಟ್ಟಿ ಇಳಿಸಲು ಸೋರೆಕಾಯಿ ಆಕಾರದ ಪಾತ್ರೆ, ಅದರ ಮೇಲೆ ಕೊಳವೆಯುಳ್ಳ ಮುಚ್ಚಳವಾದ ಅಂಬೀಕ್, ಹನಿಗಳನ್ನು ಹಿಡಿಯುವ ಸೀಸೆ ಇರಬೇಕು. ಇನ್ನು ಬಿಸಿ ಕೊಡುವುದಕ್ಕೆ? ಕುಲುಮೆ, ದೊಡ್ಡ ಒಲೆ, ನಫ್ತಾ ಎಣ್ಣೆಯ ದೀಪ, ನೀರಿನ ಪಾತ್ರೆ, ಮರಳಿನ ಪಾತ್ರೆ ಎಲ್ಲವೂ ಅವರ ಸಲಕರಣೆಗಳಲ್ಲಿವೆ.

ಇಷ್ಟೊಂದು ಬಗೆ ಏಕೆ ಎಂದು ನೀವು ಕೇಳಬಹುದು. ಗುಲಾಬಿ ದಳಗಳಿಗೆ ನೇರ ಉರಿ ಕೊಟ್ಟು ನೋಡಿ. ತಳ ಹತ್ತಿ ಪನ್ನೀರಿಗೆ ಸುಟ್ಟ ವಾಸನೆ ಬರುತ್ತದೆ. ಪಾತ್ರೆಯನ್ನು ನೀರಿನಲ್ಲಿಟ್ಟು ಕಾಯಿಸಿದರೆ ಆ ಭಯವಿಲ್ಲ. ಕೆಳಗೆ ಎಷ್ಟೇ ಸೌದೆ ಉರಿದರೂ ನೀರು ಇರುವವರೆಗೆ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟದು. ಹೆಚ್ಚಿನ ಶಾಖ ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ಇನ್ನೂ ಹೆಚ್ಚು ಬಿಸಿ ಬೇಕಾದ ವಸ್ತುವಿಗೆ ಮರಳು ಸರಿ. ಅದು ನಿಧಾನವಾಗಿ ಕಾಯುತ್ತದೆ, ಎಲ್ಲ ಕಡೆಗೂ ಸಮನಾಗಿ ಶಾಖ ಕೊಡುತ್ತದೆ, ಉರಿ ಏರಿಳಿದರೂ ತಟ್ಟನೆ ಬದಲಾಗುವುದಿಲ್ಲ. ಲೋಹ ಕರಗಿಸಲು ಮಾತ್ರ ಕುಲುಮೆಯೇ ಬೇಕು. ನಿಮ್ಮ ಮನೆಯಲ್ಲಿ ಬಿರಿಯಾನಿಯನ್ನು ದಮ್‌ಗೆ ಇಡುವಾಗ ಪಾತ್ರೆಯ ಕೆಳಗೆ ತವಾ ಇಡುವುದನ್ನು ಗಮನಿಸಿದ್ದೀರಾ? ಅಲ್ಲಿರುವುದೂ ಇದೇ ಉಪಾಯ.

ನೀರಿನ ಪಾತ್ರೆಯ ಉಪಾಯ ಅರ್ರಾಝಿಯವರಿಗಿಂತ ಮೊದಲೇ ಗ್ರೀಕ್ ರಸವಾದಿಗಳಿಗೆ ಗೊತ್ತಿತ್ತು. ಅರ್ರಾಝಿಯವರ ಹಿರಿಮೆ ಬೇರೆ. ರಸವಿದ್ಯೆಯನ್ನು ಒಗಟಿನ ಮಾತಿನಲ್ಲಿ ಮುಚ್ಚಿಡುತ್ತಿದ್ದ ಕಾಲದಲ್ಲಿ, ಇನ್ನೊಬ್ಬರು ಓದಿ ಮಾಡಿ ನೋಡುವಂತೆ ಅವರು ಬಿಡಿಸಿ ಬರೆದರು. ಕೀಳು ಲೋಹವನ್ನು ಚಿನ್ನ ಮಾಡಬಹುದೆಂಬ ಆಗಿನವರ ನಂಬಿಕೆ ಅವರಿಗೂ ಇತ್ತು. ಆ ಚಿನ್ನ ಯಾರಿಗೂ ಸಿಗಲಿಲ್ಲ. ಆದರೆ ಅದನ್ನು ಹುಡುಕುವಾಗ ರೂಪುಗೊಂಡ ಉಪಕರಣ, ಅಳತೆ, ಕ್ರಮ ರಸಾಯನಶಾಸ್ತ್ರಕ್ಕೆ ಉಳಿದವು. ಗ್ರಂಥ ಲ್ಯಾಟಿನ್‌ಗೆ ಹೋಯಿತು. 1937ರಲ್ಲಿ ಜರ್ಮನ್ ವಿದ್ವಾಂಸ ಯೂಲಿಯಸ್ ರುಸ್ಕಾ ಅದನ್ನು ತಮ್ಮ ಭಾಷೆಗೆ ತಂದರು.

ಇಳಿವಯಸ್ಸಿನಲ್ಲಿ ಅರ್ರಾಝಿಯವರ ಕಣ್ಣು ಹೋಯಿತು. ಕುಲುಮೆಯ ಹೊಗೆಯೂ ಬಿಡುವಿಲ್ಲದ ಓದೂ ಕಾರಣವೆಂದು ಹೇಳುವುದುಂಟು. ಕ್ರಿ.ಶ. 925ರಲ್ಲಿ ಹುಟ್ಟೂರು ರೈಯಲ್ಲೇ ತೀರಿಕೊಂಡರು.

ವಿದ್ಯಾರ್ಥಿಗಳೇ, ಇಂಥವರು ನಮ್ಮ ಪೂರ್ವಜರೆಂದು ಭಾಷಣಗಳಲ್ಲಿ ಹೆಮ್ಮೆಪಟ್ಟರೆ ಸಾಲದು. ಪರೀಕ್ಷೆಗೆಂದು ವ್ಯಾಖ್ಯೆ ಬಾಯಿಪಾಠ ಮಾಡಿ, ಪ್ರಯೋಗವನ್ನು ಇನ್ನೊಬ್ಬರ ಪುಸ್ತಕದಿಂದ ನಕಲು ಮಾಡಿದವನು ಅರ್ರಾಝಿಯವರ ವಾರಸುದಾರನಾಗಲಾರ. ಮುಂದಿನ ಸಲ ಬರ್ನರ್ ಹಚ್ಚುವಾಗ ಉರಿ ಎಷ್ಟಿರಬೇಕು, ಅಷ್ಟೇ ಏಕೆ ಇರಬೇಕು ಎಂದು ನಿಮ್ಮ ಗುರುಗಳನ್ನು ಕೇಳಿ. ಕಂಡದ್ದನ್ನು ಕಂಡಂತೆಯೇ ಬರೆದಿಡಿ. ಅವಸರದ ಉರಿಯಲ್ಲಿ ದಳವೂ ಕರಕಲಾಗುತ್ತದೆ, ವಿದ್ಯೆಯೂ ಕರಕಲಾಗುತ್ತದೆ.