ಅಮೀರ್‌ಬಾಯಿ ಕರ್ನಾಟಕಿ

ಭೀಮಾ-ಕೃಷ್ಣೆಯರ ಸೀಮೆಯಲ್ಲಿ ಹಾಡಿನ ಪರಂಪರೆ ಹಳೆಯದು. ಶಹಾಪುರದ ಬಳಿಯ ಗೋಗಿಯಲ್ಲಿ ಬಿಜಾಪುರದ ಮೊದಲ ಆದಿಲ್‌ಶಾಹಿ ಅರಸರ ಗೋರಿಗಳಿವೆ. ಅದೇ ವಂಶದ ಎರಡನೆಯ ಇಬ್ರಾಹಿಮನು ರಾಗಗಳಿಗೆ ಹೊಂದುವ ಗೀತೆಗಳನ್ನು ದಖನಿ ಭಾಷೆಯಲ್ಲಿ ರಚಿಸಿದನು. ಅರಸೊತ್ತಿಗೆ ಅಳಿದರೂ ಕನ್ನಡ ಮತ್ತು ದಖನಿಗಳೆರಡೂ ಅಕ್ಕಪಕ್ಕದಲ್ಲಿ ಬಾಳಿದವು. ಹಿಂದಿ ಚಿತ್ರಸಂಗೀತದಲ್ಲಿ ಹೆಸರಾದ ಅಮೀರ್‌ಬಾಯಿ ಈ ನೆಲದ ಮಗಳು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಆಗ ಬಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಅವರು ಜನಿಸಿದರು. ಐವರು ಸೋದರಿಯರಲ್ಲಿ ಇವರೂ ಅಕ್ಕ ಗೋಹರ್‌ಬಾಯಿಯವರೂ ಕಲೆಯಲ್ಲಿ ಕೀರ್ತಿ ಪಡೆದರು. ಗೋಹರ್‌ಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರೊಡನೆ ನಟಿಸಿದರು. ಅಕ್ಕನ ನೆರವಿನಿಂದಲೇ ತಂಗಿಗೆ 1934ರ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ದೊರೆಯಿತು. ಆದರೆ ಕೀರ್ತಿ ಒಡನೆಯೇ ಒಲಿಯಲಿಲ್ಲ. ಸುಮಾರು ಒಂಬತ್ತು ವರ್ಷ ಕಾಯಬೇಕಾಯಿತು.

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ ಬಂದಿತು. ಸಂಗೀತ ಅನಿಲ್ ಬಿಸ್ವಾಸರದು. ತೆರೆಯ ಮೇಲೆ ತುಟಿಯಾಡಿಸಿದವರು ಮುಮ್ತಾಜ್ ಶಾಂತಿ, ಕಂಠ ಅಮೀರ್‌ಬಾಯಿಯವರದು. ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಮರುವರ್ಷ ನೌಷಾದರ ‘ರತನ್’ ಚಿತ್ರಕ್ಕೂ ಅವರು ಹಾಡಿದರು. ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಗಳಿಗಿಂತ ತುಸು ಹೆಚ್ಚು ಹಾಡಷ್ಟೇ ಹಿಡಿಯುತ್ತಿತ್ತು. ಆ ಕಿರಿದಾದ ಅವಧಿಯಲ್ಲಿ ನೋವನ್ನೂ ನಲಿವನ್ನೂ ತುಂಬಿಕೊಡುವುದು ಅವರಿಗೆ ಸಾಧಿಸಿತ್ತು.

ಗಾಯಕಿಯಾಗಿ ಉಚ್ಛ್ರಾಯದಲ್ಲಿದ್ದಾಗ, 1948ರಲ್ಲಿ, ಅವರು ‘ಶೆಹನಾಜ್’ ಚಿತ್ರದ ಸಂಗೀತ ನಿರ್ದೇಶನದ ಹೊಣೆ ಹೊತ್ತರು. ಇದು ಸಣ್ಣ ಮಾತಲ್ಲ. ಹಾಡುಗಾರ್ತಿಯನ್ನು ಮೆಚ್ಚುತ್ತಿದ್ದ ಚಿತ್ರರಂಗ, ರಾಗ ಸಂಯೋಜಿಸುವ ಆಸನವನ್ನು ಹೆಂಗಸಿಗೆ ಬಿಟ್ಟುಕೊಡಲು ಹಿಂಜರಿಯುತ್ತಿತ್ತು. ಅವರಿಗಿಂತ ಮುಂಚೆ, 1935ರಲ್ಲಿ, ಜದ್ದನ್‌ಬಾಯಿ ಮತ್ತು ಸರಸ್ವತೀದೇವಿ ಆ ದಾರಿ ತುಳಿದಿದ್ದರು. ಅಂಥವರ ಸಂಖ್ಯೆ ಬೆರಳೆಣಿಕೆಯದು. ಕೆಲಸವೂ ಕಠಿನ. ಅಂದು ಗಾಯಕರೂ ವಾದ್ಯಗಾರರೂ ಒಟ್ಟಿಗೆ ಕುಳಿತು ಹಾಡನ್ನು ಒಂದೇ ಸಲಕ್ಕೆ ಮುದ್ರಿಸಬೇಕಿತ್ತು. ಒಬ್ಬನ ಪಿಟೀಲು ತಪ್ಪಿದರೆ ಎಲ್ಲರೂ ಮೊದಲಿನಿಂದ ತೊಡಗಬೇಕು. ಗೀತೆಗೆ ಧಾಟಿ ಹುಡುಕಿ, ವಾದ್ಯಗಳನ್ನು ಹೊಂದಿಸಿ, ಆ ಮೇಳವನ್ನೆಲ್ಲ ಒಂದೇ ಲಯದಲ್ಲಿ ನಡೆಸುವವರು ಸಂಗೀತ ನಿರ್ದೇಶಕರು. ಬೀಳಗಿಯ ಮಹಿಳೆ ಆ ಕೆಲಸಕ್ಕೆ ಅಣಿಯಾದುದೇ ಅವರ ಧೈರ್ಯಕ್ಕೆ ಸಾಕ್ಷಿ.

ಆ ಹಾದಿಯಲ್ಲಿ ಅವರು ಬಹುದೂರ ಸಾಗಲಾಗಲಿಲ್ಲ. 1949ರಲ್ಲಿ ‘ಮಹಲ್’, ‘ಬರಸಾತ್’ ಚಿತ್ರಗಳೊಡನೆ ಲತಾ ಮಂಗೇಶ್ಕರರ ತೆಳುವಾದ ಎಳೆಯ ದನಿ ದೇಶವನ್ನೇ ಸೆಳೆಯಿತು. ಅಮೀರ್‌ಬಾಯಿಯವರ ತುಂಬುದನಿಗೆ ಬೇಡಿಕೆ ಇಳಿಯಿತು. ಅವರು ಹತಾಶರಾಗಿ ಮನೆ ಸೇರಲಿಲ್ಲ. ಪೋಷಕ ಪಾತ್ರಗಳಲ್ಲಿ ಮತ್ತೆ ನಟಿಸತೊಡಗಿದರು. ನಾಯಕಿಯ ಕಂಠವಾಗಿದ್ದವರಿಗೆ ಈ ಬದಲಾವಣೆ ಸುಲಭವಾಗಿರಲಾರದು. ಅವರ ಮೊದಲ ದಾಂಪತ್ಯವೂ ಕಹಿಯಲ್ಲಿ ಮುರಿದುಬಿದ್ದಿತ್ತು.

1965ರ ಮಾರ್ಚ್ 3ರಂದು ಪಾರ್ಶ್ವವಾಯುವಿಗೆ ತುತ್ತಾಗಿ ಅವರು ನಿಧನರಾದರು. ಬಿಜಾಪುರದ ಮಣ್ಣಿನಲ್ಲೇ ಅವರನ್ನು ಸಮಾಧಿ ಮಾಡಲಾಯಿತು. ಬಹುಕಾಲ ಮರೆವಿಗೆ ಸಂದಿದ್ದ ಅವರ ಬದುಕನ್ನು ಮುಂದೆ ರಹಮತ್ ತರೀಕೆರೆಯವರು ಕನ್ನಡದಲ್ಲಿ ಗ್ರಂಥವಾಗಿ ಬರೆದರು.

ಅಮೀರ್‌ಬಾಯಿ ಹುಟ್ಟಿದಾಗ ಬೀಳಗಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಾಡಿಗೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ಅವರಾದರೋ ಗ್ರಾಮಫೋನ್ ತಟ್ಟೆಗಳ ಮೇಲೂ ಚಿತ್ರದ ತೆರೆಯ ಮೇಲೂ ಆ ಹೆಸರನ್ನು ಎಂದೋ ತಮ್ಮ ಹೆಸರಿನೊಡನೆ ಧರಿಸಿದ್ದರು.