ಲೆಕ್ಕಕ್ಕೆ ಸಿಗದ ಜಿ.ವಿ. ಅಯ್ಯರ್

ರಾಷ್ಟ್ರಪ್ರಶಸ್ತಿ ಪ್ರಕಟವಾಗೋ ಹಿಂದಿನ ವಾರ ಹಾಸ್ಟೆಲ್‌ನಲ್ಲಿ ಎಲ್ಲರೂ ಪಂಡಿತರೇ. ಯಾವ ಸಿನಿಮಾಕ್ಕೆ ಬರುತ್ತೆ, ಯಾವ ನಟನಿಗೆ ತಪ್ಪುತ್ತೆ ಅಂತ ಮೆಸ್ಸಿನಲ್ಲಿ ವಾದ, ವಾಟ್ಸಾಪ್ ಗ್ರೂಪಿನಲ್ಲಿ ಪೋಲ್. 2024ರ ಆಗಸ್ಟ್‌ನಲ್ಲಿ ‘ಕಾಂತಾರ’ಕ್ಕಾಗಿ ರಿಷಬ್ ಶೆಟ್ಟರಿಗೆ ಶ್ರೇಷ್ಠ ನಟ ಪ್ರಶಸ್ತಿ, ‘ಕೆಜಿಎಫ್ 2’ಕ್ಕೆ ಶ್ರೇಷ್ಠ ಕನ್ನಡ ಚಿತ್ರ ಪ್ರಶಸ್ತಿ ಬಂದ ಮೇಲಂತೂ ಕನ್ನಡದವರ ವಾದಕ್ಕೆ ಹೊಸ ಜೋರು ಬಂದಿದೆ. ಒಳ್ಳೇದೇ. ಆದರೆ ಈ ಊಹೆಯ ಆಟದಲ್ಲಿ ಯಾರೂ ಹೆಸರೆತ್ತದ ಒಬ್ಬರಿದ್ದಾರೆ. ನಿರ್ದೇಶಕರಾಗಿ ಎರಡು ಸಲ ಸ್ವರ್ಣಕಮಲ ತಂದವರು, ಅದೂ ಎರಡು ಸಲವೂ ಯಾರ ಅಂದಾಜಿಗೂ ಸಿಗದ ಸಿನಿಮಾಗಳಿಗೆ. ನಮ್ಮ ಪಕ್ಕದ ನಂಜನಗೂಡಿನವರು. ಗಣಪತಿ ವೆಂಕಟರಮಣ ಅಯ್ಯರ್, ಅಂದರೆ ಜಿ.ವಿ. ಅಯ್ಯರ್.

ಅವರ ಬದುಕಿಗೆ ಹೋಗುವ ಮುಂಚೆ ಒಂದು ವಿಷಯ ಸ್ಪಷ್ಟ ಮಾಡ್ಕೊಳೋಣ. ಆಸ್ಕರ್ ಬೇರೆ, ರಾಷ್ಟ್ರಪ್ರಶಸ್ತಿ ಬೇರೆ. ಆಸ್ಕರ್‌ನಲ್ಲಿ ಸಾವಿರಾರು ಸದಸ್ಯರು ವೋಟು ಹಾಕ್ತಾರೆ. ಹಾಗಾಗಿ ಅಲ್ಲಿ ಚುನಾವಣೆಯ ಹಾಗೇ ಪ್ರಚಾರ ನಡೆಯುತ್ತೆ: ಜಾಹೀರಾತು, ವಿಶೇಷ ಪ್ರದರ್ಶನ, ಸಂದರ್ಶನ, ಔತಣ. ‘ಆರ್‌ಆರ್‌ಆರ್’ ತಂಡ ತಿಂಗಳುಗಟ್ಟಲೆ ಅಮೆರಿಕ ಸುತ್ತಿದ್ದು ನಮಗೆಲ್ಲ ನೆನಪಿದೆ. ಸಾವಿರಾರು ಜನರ ವೋಟು ಅಂದಮೇಲೆ ಅಲ್ಲಿ ಅಂಕಿಸಂಖ್ಯೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತೆ. ಹಿಂದಿನ ಪ್ರಶಸ್ತಿಗಳನ್ನು ನೋಡಿ ಮುಂದಿನದನ್ನು ಅಂದಾಜು ಮಾಡಬಹುದು. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ನಿರ್ಮಾಪಕರು ಅರ್ಜಿ ಹಾಕ್ತಾರೆ, ಬೆರಳೆಣಿಕೆಯ ತೀರ್ಪುಗಾರರು ಒಂದು ಕೋಣೆಯಲ್ಲಿ ಕೂತು ಸಿನಿಮಾ ನೋಡ್ತಾರೆ, ಮಾತಾಡ್ತಾರೆ, ಮುಗೀತು. ಮುಂದಿನ ವರ್ಷ ಆ ಕೋಣೆಯಲ್ಲಿ ಕೂರುವವರೇ ಬೇರೆ. ಸ್ಯಾಂಪಲ್ ಸೈಜ್ ಇಷ್ಟು ಚಿಕ್ಕದಿದ್ದರೆ ಪ್ರಾಬಬಿಲಿಟಿ ಏನು ಹೇಳುತ್ತೆ ಅನ್ನೋದನ್ನ ಮೂರನೇ ಸೆಮಿಸ್ಟರ್‌ನವರಿಗೆ ವಿವರಿಸೋದು ಬೇಡ.

ಅಯ್ಯರ್ ಹುಟ್ಟಿದ್ದು 1917ರಲ್ಲಿ. ಎಂಟನೇ ವಯಸ್ಸಿಗೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಆ ಕಾಲಕ್ಕೆ ಗುಬ್ಬಿ ಕಂಪನಿ ಅಂದರೆ ಒಂದು ಯೂನಿವರ್ಸಿಟಿ. ಹಾಡು, ಅಭಿನಯ, ಮಾತು ಬರೆಯೋದು, ಪರದೆ ಎಳೆಯೋದು, ಎಲ್ಲ ಅಲ್ಲೇ ಕಲಿಯಬೇಕು. ಧನಗೆರೆಯವರಾದ ನಮಗೆ ಇಲ್ಲೊಂದು ನಂಟು ಕಾಣುತ್ತೆ. ಅದೇ ಕಂಪನಿಯಲ್ಲಿ ನಮ್ಮ ಕೊಳ್ಳೇಗಾಲ ಕಡೆಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ದೊಡ್ಡ ನಟರು. ಅವರ ಮಗ ಮುತ್ತುರಾಜನೇ ಮುಂದೆ ರಾಜ್‌ಕುಮಾರ್ ಆದದ್ದು.

1943ರ ‘ರಾಧಾರಮಣ’ದಿಂದ ಅಯ್ಯರ್ ಸಿನಿಮಾಕ್ಕೆ ಬಂದರು. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ನಾಯಕ, ನರಸಿಂಹರಾಜು ಇದ್ದರು, ಅಯ್ಯರ್ ಕೂಡ ಪಾತ್ರ ಮಾಡಿದ್ದರು. ರಾಷ್ಟ್ರಪ್ರಶಸ್ತಿ ಶುರುವಾಗಿ ಅದು ಎರಡನೇ ವರ್ಷ. ಕನ್ನಡಕ್ಕೆ ಸಿಕ್ಕ ಅರ್ಹತಾಪತ್ರ ಈ ಸಿನಿಮಾಕ್ಕೇ ಬಂತು. ಆ ದಿನ ಕೊಳ್ಳೇಗಾಲ ಮೈಸೂರು ರಾಜ್ಯದಲ್ಲೇ ಇರಲಿಲ್ಲ ನೋಡಿ, ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಾವು ಈ ಕಡೆ ಬಂದದ್ದು 1956ರ ನವೆಂಬರ್ 1ಕ್ಕೆ. ನಮ್ಮ ತಾತಂದಿರು ಕಾಗದದ ಲೆಕ್ಕದಲ್ಲಿ ಕೊಯಮತ್ತೂರಿನವರಾಗಿದ್ದಾಗಲೇ, ನಮ್ಮ ಕಡೆಯ ಹುಡುಗನೊಬ್ಬ ನಾಯಕನಾದ ಮೊದಲ ಸಿನಿಮಾ ದೆಹಲಿಯಲ್ಲಿ ಕನ್ನಡದ ಹೆಸರು ಹೇಳಿತ್ತು.

ಆಮೇಲಿನ ಹದಿನೈದು ವರ್ಷ ಅಯ್ಯರ್ ಪಕ್ಕಾ ಗಾಂಧಿನಗರದ ಮನುಷ್ಯ. ಗಾಂಧಿನಗರ ಅಂತ ಈಗಿನ ರೂಢಿಗೆ ಹೇಳ್ತಿದ್ದೇವೆ, ಆಗ ಸ್ಟುಡಿಯೋ ಎಲ್ಲ ಮದ್ರಾಸಿನಲ್ಲೇ. ಹಾಡು ಬರೆದರು, ಸಂಭಾಷಣೆ ಬರೆದರು, ನಟಿಸಿದರು. 1960ರಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಜೊತೆ ಸೇರಿ ‘ರಣಧೀರ ಕಂಠೀರವ’ ನಿರ್ಮಿಸಿದರು. ಕಲಾವಿದರೇ ಕೈಸೇರಿಸಿ ನಿರ್ಮಾಪಕರಾದ ಸಿನಿಮಾ ಅದು. 1962ರ ‘ಭೂದಾನ’ದಲ್ಲಿ ರಾಜ್‌ಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರನ್ನೂ ಒಟ್ಟಿಗೆ ತಂದರು. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಮಲ್ಟಿಸ್ಟಾರರ್. ‘ಕಿಲಾಡಿ ರಂಗ’, ‘ರಾಜಶೇಖರ’, ‘ಮೈಸೂರು ಟಾಂಗಾ’, ‘ಚೌಕದ ದೀಪ’ ಅಂತ ಒಂದರ ಹಿಂದೆ ಒಂದು. ಜನಕ್ಕೆ ಏನು ಬೇಕು, ಎಲ್ಲಿ ಶಿಳ್ಳೆ ಬೀಳುತ್ತೆ, ಎಲ್ಲಿ ಹಾಡು ಇಡಬೇಕು ಅನ್ನೋದು ಅವರಿಗೆ ಕರಗತವಾಗಿತ್ತು. ಇದನ್ನ ಒತ್ತಿ ಹೇಳೋದಕ್ಕೆ ಕಾರಣ ಇದೆ. ಅಯ್ಯರ್ ಆಮೇಲೆ ಮಾಡಿದ್ದು ಕಮರ್ಷಿಯಲ್ ಬಾರದವನ ಆಟ ಅಲ್ಲ. ಬರುತ್ತಿದ್ದದ್ದನ್ನು ಬಿಟ್ಟವರು ಅವರು.

ಬಿಡೋದಕ್ಕೆ ಒಂದು ಗಾಳಿ ಬೀಸಿತ್ತು. 1970ರ ‘ಸಂಸ್ಕಾರ’ಕ್ಕೆ ಮೊದಲು ಸೆನ್ಸಾರ್ ಮಂಡಳಿ ಬೇಡ ಅಂತು. ಕೊನೆಗೆ ಅದೇ ಸಿನಿಮಾ ಆ ವರ್ಷದ ಸ್ವರ್ಣಕಮಲ ತಗೊಂಡಿತು. ನಿಷೇಧಕ್ಕೆ ಲಾಯಕ್ಕು ಅಂತ ಒಂದು ಕೋಣೆ ಹೇಳಿದ್ದನ್ನು ಇನ್ನೊಂದು ಕೋಣೆ ದೇಶಕ್ಕೇ ಶ್ರೇಷ್ಠ ಅಂತು. ಮರುವರ್ಷವೇ ಅಯ್ಯರ್ ಭೈರಪ್ಪನವರ ‘ವಂಶವೃಕ್ಷ’ ಕೈಗೆತ್ತಿಕೊಂಡರು. ತಾವು ನಿರ್ಮಾಪಕರಾಗಿ ಹಿಂದೆ ನಿಂತು, ನಿರ್ದೇಶನವನ್ನು ಗಿರೀಶ ಕಾರ್ನಾಡ, ಬಿ.ವಿ. ಕಾರಂತ ಇಬ್ಬರಿಗೆ ಬಿಟ್ಟರು. ಆಗಲೇ ಎಷ್ಟೋ ಸಿನಿಮಾ ನಿರ್ದೇಶಿಸಿದ್ದ 54ರ ಮನುಷ್ಯ, ಮೊದಲ ಸಲ ನಿರ್ದೇಶಕರ ಕುರ್ಚಿಯಲ್ಲಿ ಕೂರುವವರಿಗೆ ದುಡ್ಡು ಕೊಟ್ಟು ಸುಮ್ಮನಿರೋದು ಅಂದ್ರೆ ಸಣ್ಣ ಮಾತಲ್ಲ. ಶ್ರೋತ್ರಿಗಳ ಮನೆ ಇರೋದು ನಂಜನಗೂಡಿನಲ್ಲಿ, ಕಪಿಲಾ ನದಿಯ ದಂಡೆಯಲ್ಲಿ. ಅಯ್ಯರ್ ತಮ್ಮ ಊರಿನ ಕಥೆಗೇ ದುಡ್ಡು ಹಾಕಿದ್ದರು. ಆ ವರ್ಷ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಕಾರ್ನಾಡ–ಕಾರಂತರಿಗೆ ಬಂತು, ಶ್ರೇಷ್ಠ ಕನ್ನಡ ಚಿತ್ರವೂ ಅದೇ ಆಯಿತು. ಮುಂದೆ ವಿಷ್ಣುವರ್ಧನ್ ಆದ ಹುಡುಗ ಅದರಲ್ಲೊಂದು ಸಣ್ಣ ಪಾತ್ರ ಮಾಡಿದ್ದ ಅನ್ನೋದನ್ನ ಅಭಿಮಾನಿಗಳಿಗಾಗಿ ಇಲ್ಲೇ ಹೇಳಿಬಿಡ್ತೀವಿ.

ನಮಗೆ ತುಂಬ ಇಷ್ಟವಾದ ವರ್ಷ 1975. ಯಾರಾದರೂ ಆ ವರ್ಷದ ಪ್ರಶಸ್ತಿ ಊಹಿಸೋಕೆ ಎಕ್ಸೆಲ್ ಶೀಟ್ ಹಾಕಿದ್ದರೆ ಮೊದಲ ಸಾಲಿನಲ್ಲಿ ಏನಿರುತ್ತಿತ್ತು? ‘ಶೋಲೆ’. ನಮ್ಮ ರಾಮನಗರದ ಬಂಡೆಗಳ ಮಧ್ಯೆಯೇ ತೆಗೆದದ್ದು. ಆ ಸಿನಿಮಾಕ್ಕೆ ಫಿಲ್ಮ್‌ಫೇರ್‌ನಲ್ಲಿ ಸಿಕ್ಕಿದ್ದು ಸಂಕಲನಕ್ಕೆ ಒಂದೇ ಒಂದು ಪ್ರಶಸ್ತಿ. ಸ್ವರ್ಣಕಮಲ ಬಂದದ್ದು ಬಿ.ವಿ. ಕಾರಂತರ ‘ಚೋಮನ ದುಡಿ’ಗೆ. ಅದರ ವಾಸುದೇವರಾಯರು ಶ್ರೇಷ್ಠ ನಟರಾದರು. ಇತ್ತ ಅಯ್ಯರ್ ನಿರ್ದೇಶಿಸಿದ ‘ಹಂಸಗೀತೆ’ಗೆ ಶ್ರೇಷ್ಠ ಕನ್ನಡ ಚಿತ್ರ ಪ್ರಶಸ್ತಿ ಬಂತು, ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣ ಅವರಿಗೆ ಶ್ರೇಷ್ಠ ಗಾಯಕ ಪ್ರಶಸ್ತಿ. ಇದರಲ್ಲಿ ಒಂದು ತಮಾಷೆ ಇದೆ: ‘ಹಂಸಗೀತೆ’ಯ ಸಂಗೀತದಲ್ಲಿ ಕಾರಂತರ ಕೈಯೂ ಇತ್ತು. ಅಂದರೆ ಸ್ಪರ್ಧೆ ಅಂತ ನಾವು ಕರೆಯೋದು ಆ ಕಾಲದಲ್ಲಿ ಒಂದೇ ಅಡುಗೆಮನೆಯಿಂದ ಬಂದ ಎರಡು ಊಟ.

‘ಹಂಸಗೀತೆ’ಯ ಬಗ್ಗೆ ಇನ್ನೊಂದೆರಡು ಮಾತು. ಅದು ತ.ರಾ.ಸು. ಕಾದಂಬರಿ, ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಅದೇ ಕಾದಂಬರಿಯಿಂದ 1956ರಲ್ಲೇ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂದಿತ್ತು, ಒಳ್ಳೊಳ್ಳೆ ಹಾಡುಗಳ ಜೊತೆ. ಒಮ್ಮೆ ಬಂದುಹೋದ ಕಥೆಯನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ಮಾಡೋದು, ಅದೂ ಶಾಸ್ತ್ರೀಯ ಸಂಗೀತವನ್ನೇ ನೆಚ್ಚಿಕೊಂಡು, ಯುವಕ ಅನಂತ್ ನಾಗ್ ಅವರನ್ನು ಮುಂದಿಟ್ಟುಕೊಂಡು! ಯಾವ ಹಂಚಿಕೆದಾರ ತಾನೇ ಒಪ್ಪುತ್ತಾನೆ? ಇವತ್ತಿಗೂ ಅದನ್ನು ನೋಡಿದರೆ ದುರ್ಗದ ಬಂಡೆ, ಬಿಸಿಲು, ಆಲಾಪ ಒಂದಕ್ಕೊಂದು ಅಂಟಿಕೊಂಡೇ ಇವೆ. ನಿಧಾನ ಇದೆ, ನಿಜ. ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡುವವರು ದಯವಿಟ್ಟು ನೋಡಬೇಡಿ.

ಅಲ್ಲಿಂದ ಎಂಟು ವರ್ಷಕ್ಕೆ ‘ಆದಿ ಶಂಕರಾಚಾರ್ಯ’. ಭಾರತದ ಮೊದಲ ಸಂಸ್ಕೃತ ಚಲನಚಿತ್ರ. ದುಡ್ಡು ಹಾಕಿದ್ದು ಎನ್‌ಎಫ್‌ಡಿಸಿ. ನಾಯಕ ಸರ್ವದಮನ್ ಬ್ಯಾನರ್ಜಿ, ಆಗ ಹೆಸರೇ ಕೇಳಿರದ ಹುಡುಗ. ಮಾರುಕಟ್ಟೆಯ ಭಾಷೆಯಲ್ಲಿ ಹೇಳಿದರೆ ಸ್ಟಾರ್ ಇಲ್ಲ, ಪ್ರೇಕ್ಷಕ ಇಲ್ಲ, ಭಾಷೆಯೂ ಇಲ್ಲ. ಪ್ರತಿಸ್ಪರ್ಧಿಗಳು ಯಾರು ನೋಡಿ: ಮೃಣಾಲ್ ಸೇನರ ‘ಖಂಡಹರ್’, ಓಂ ಪುರಿ ಮೈಮೇಲೆ ಬಂದವರ ಹಾಗೆ ನಟಿಸಿದ ‘ಅರ್ಧ್ ಸತ್ಯ’. ನಾವಾಗಿದ್ದರೆ ಕಣ್ಣುಮುಚ್ಚಿ ‘ಖಂಡಹರ್’ ಮೇಲೆ ಬಾಜಿ ಕಟ್ಟುತ್ತಿದ್ದೆವು. ತೀರ್ಪುಗಾರರು ಶ್ರೇಷ್ಠ ನಿರ್ದೇಶಕ ಪ್ರಶಸ್ತಿಯನ್ನು ಮೃಣಾಲ್ ಸೇನರಿಗೆ, ಶ್ರೇಷ್ಠ ನಟ ಪ್ರಶಸ್ತಿಯನ್ನು ಓಂ ಪುರಿಗೆ ಕೊಟ್ಟು, ಸ್ವರ್ಣಕಮಲವನ್ನು ಅಯ್ಯರ್ ಅವರ ಸಿನಿಮಾಕ್ಕೆ ಕೊಟ್ಟರು. ಜೊತೆಗೆ ಚಿತ್ರಕಥೆಗೆ ಅಯ್ಯರ್, ಛಾಯಾಗ್ರಹಣಕ್ಕೆ ಮಧು ಅಂಬಾಟ್, ಧ್ವನಿಗ್ರಹಣಕ್ಕೆ ಎಸ್.ಪಿ. ರಾಮನಾಥನ್.

ಯಾಕೆ ಬಂತು? ಸರ್ಕಾರದ ದುಡ್ಡು, ಸರ್ಕಾರದ ಪ್ರಶಸ್ತಿ, ಇನ್ನೇನಾಗುತ್ತೆ ಅನ್ನೋದು ಸುಲಭದ ಉತ್ತರ. ಅದು ನಿಲ್ಲೋದಿಲ್ಲ. ಅದೇ ವರ್ಷದ ‘ಜಾನೇ ಭಿ ದೋ ಯಾರೋ’ ಕೂಡ ಎನ್‌ಎಫ್‌ಡಿಸಿಯದ್ದೇ. ದೇವರ ಕಥೆ ಅಂದರೆ ಯಾರೂ ಬೇಡ ಅನ್ನೋದಿಲ್ಲ ಅನ್ನೋದು ಇನ್ನೊಂದು ಉತ್ತರ. ಅದರಲ್ಲಿ ಒಂದಿಷ್ಟು ಹುರುಳಿದೆ. ನಮ್ಮ ಲೆಕ್ಕ ಬೇರೆ. ತೀರ್ಪುಗಾರರ ಕೋಣೆಯಲ್ಲಿ ಬಂಗಾಳಿ, ಮಲಯಾಳಿ, ಮರಾಠಿ ಎಲ್ಲರೂ ಇರ್ತಾರೆ. ಒಬ್ಬರ ಭಾಷೆಯ ಸಿನಿಮಾವನ್ನು ಉಳಿದವರು ಸಬ್‌ಟೈಟಲ್ ಓದಿಕೊಂಡು ನೋಡಬೇಕು. ಸಂಸ್ಕೃತ ಯಾರ ಮನೆಮಾತೂ ಅಲ್ಲ, ಆದರೆ ಎಲ್ಲರ ಕಿವಿಗೂ ಅರ್ಧ ಪರಿಚಯ. ಇದಕ್ಕಿಂತ ಮುಖ್ಯ ಅಂದ್ರೆ ಆ ಸಿನಿಮಾದ ಕಲ್ಪನೆ. ತಂದೆ ಸತ್ತ ದಿನದಿಂದ ಮೃತ್ಯು ಮತ್ತು ಪ್ರಜ್ಞಾನ ಅನ್ನೋ ಇಬ್ಬರು ಮನುಷ್ಯರೂಪದಲ್ಲಿ ಶಂಕರನ ಗೆಳೆಯರಾಗಿ ಜೊತೆಗೇ ನಡೆಯುತ್ತಾ ಬರ್ತಾರೆ. ಪವಾಡ ಇಲ್ಲ, ಕಿರೀಟ ಇಲ್ಲ, ಗುಡುಗು ಸಿಡಿಲಿಲ್ಲ. ‘ಬೇಡರ ಕಣ್ಣಪ್ಪ’ದ ಕಾಲದಿಂದ ಭಕ್ತಿಚಿತ್ರ ಹೇಗಿರಬೇಕು ಅನ್ನೋದನ್ನ ಅರೆದು ಕುಡಿದಿದ್ದವರು, ಅದರ ಒಂದೊಂದೇ ಅಲಂಕಾರ ಕಳಚಿಟ್ಟು ಮಾಡಿದ ಸಿನಿಮಾ. ಸುಮ್ಮನೆ ನಡೆಯೋ ಹುಡುಗ, ಪಕ್ಕದಲ್ಲಿ ಸಾವು. ನೋಡಿದವರಿಗೆ ಮರೆಯೋದಿಲ್ಲ.

ಇದೇ ಫಾರ್ಮುಲಾ ಅಂತ ಯಾರಾದರೂ ಬರೆದಿಟ್ಟುಕೊಂಡಿದ್ದರೆ ಮುಂದೆ ಕೆಟ್ಟರು. 1986ರಲ್ಲಿ ಅಯ್ಯರ್ ‘ಮಧ್ವಾಚಾರ್ಯ’ ಮಾಡಿದರು, ಈ ಸಲ ಕನ್ನಡದಲ್ಲಿ. ಸಂಗೀತಕ್ಕೆ ಬಾಲಮುರಳಿಯವರಿಗೆ ಪ್ರಶಸ್ತಿ ಬಂತು. ಸ್ವರ್ಣಕಮಲ ಮಾತ್ರ ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುವ ಒಬ್ಬ ಜವಾನನ ಕಥೆಗೆ, ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಗೆ. 1989ರಲ್ಲಿ ತಮಿಳಿನಲ್ಲಿ ‘ರಾಮಾನುಜಾಚಾರ್ಯ’. ಆ ವರ್ಷದ ಸ್ವರ್ಣಕಮಲ ಬಂಗಾಳದ ಬುದ್ಧದೇವ್ ದಾಸ್‌ಗುಪ್ತರಿಗೆ ಹೋಯಿತು. ಆಚಾರ್ಯತ್ರಯ ಮುಗಿಯಿತು, ಅಯ್ಯರ್ ಕಾಲ ಮುಗಿಯಿತು ಅನ್ನೋ ಹೊತ್ತಿಗೆ 1992ರ ಪ್ರಶಸ್ತಿಯಲ್ಲಿ ‘ಭಗವದ್ಗೀತಾ’ಕ್ಕೆ ಎರಡನೇ ಸ್ವರ್ಣಕಮಲ. ಆಗ ಅವರಿಗೆ 75.

ಆ ವರ್ಷದ ಕೋಣೆಯ ಒಂದು ಸುದ್ದಿ ಎಲ್ಲರಿಗೂ ಗೊತ್ತು. ಸಂಗೀತ ಪ್ರಶಸ್ತಿಗೆ ‘ರೋಜಾ’ದ ಎ.ಆರ್. ರೆಹಮಾನ್, ‘ದೇವರ್ ಮಗನ್’ನ ಇಳಯರಾಜ ಸಮಸಮ ಬಂದು, ಅಧ್ಯಕ್ಷರಾಗಿದ್ದ ಬಾಲು ಮಹೇಂದ್ರ ಅವರ ಒಂದು ವೋಟಿನಿಂದ ರೆಹಮಾನ್ ಗೆದ್ದರು ಅಂತ ಹೇಳ್ತಾರೆ. ಒಂದು ವೋಟು! ಇಂಥ ಕಡೆ ಪರ್ಸೆಂಟೇಜ್ ಹಾಕಿ ಭವಿಷ್ಯ ಹೇಳುವ ನಮ್ಮ ಧೈರ್ಯ ಮೆಚ್ಚಬೇಕು.

ನಮ್ಮ ಅಭಿಪ್ರಾಯ ಕೇಳಿದರೆ ‘ಭಗವದ್ಗೀತಾ’ ‘ಹಂಸಗೀತೆ’ಯ ಮಟ್ಟದ್ದಲ್ಲ. ಅಲ್ಲಿ ಕಥೆಗಿಂತ ಪಾಠ ಜಾಸ್ತಿ. ಅಯ್ಯರ್ ಅವರ ಒಳ್ಳೆಯ ಸಿನಿಮಾಕ್ಕೆ ಸ್ವರ್ಣಕಮಲ ತಪ್ಪಿತು, ಅಷ್ಟು ಒಳ್ಳೆಯದಲ್ಲದ್ದಕ್ಕೆ ಬಂತು ಅನ್ನೋದು ನಮ್ಮ ಗುಮಾನಿ. ಇನ್ನೊಂದು ವಿಚಿತ್ರ: ಎರಡು ಸ್ವರ್ಣಕಮಲ, ಒಂದು ಚಿತ್ರಕಥೆ ಪ್ರಶಸ್ತಿ ಪಡೆದ ಈ ಮನುಷ್ಯನಿಗೆ ಶ್ರೇಷ್ಠ ನಿರ್ದೇಶಕ ಅನ್ನೋ ರಾಷ್ಟ್ರಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಅವರು ದುಡ್ಡು ಹಾಕಿ ನಿಲ್ಲಿಸಿದ ಇಬ್ಬರಿಗೆ ಮೊದಲ ಸಲಕ್ಕೇ ಬಂದಿತ್ತು.

ಪ್ರಶಸ್ತಿಗಾಗಿಯೇ ಸಿನಿಮಾ ಮಾಡಿದರು ಅಂತ ಅಯ್ಯರ್ ಮೇಲೆ ಮಾತು ಬರೋದು ಸಹಜ. ‘ಅವಾರ್ಡ್ ಸಿನಿಮಾ’ ಅನ್ನೋದು ನಮ್ಮಲ್ಲಿ ಇವತ್ತಿಗೂ ಅರ್ಧ ಬೈಗುಳವೇ: ಓಡದ ಸಿನಿಮಾ ಅಂತ ಅರ್ಥ. ಆದರೆ ಪ್ರಶಸ್ತಿಯ ಮೇಲೆ ಕಣ್ಣಿಟ್ಟವನು ಗೆದ್ದ ಕುದುರೆಯನ್ನೇ ಮತ್ತೆ ಓಡಿಸ್ತಾನೆ. ಸಂಸ್ಕೃತದಲ್ಲಿ ಗೆದ್ದ ಮೇಲೆ ಕನ್ನಡಕ್ಕೆ ಬಂದು, ಅಲ್ಲಿಂದ ತಮಿಳಿಗೆ ಹೋಗಿ, ಪ್ರತಿ ಸಲ ಮೊದಲಿಂದ ಶುರು ಮಾಡೋದಿಲ್ಲ. ಬೇಕಿದ್ದರೆ ‘ಕಿಲಾಡಿ ರಂಗ’ದಂಥದ್ದು ಇನ್ನೂ ಹತ್ತು ಮಾಡಿ ಆರಾಮಾಗಿ ಇರಬಹುದಿತ್ತು. ಚಪ್ಪಲಿ ಹಾಕದೆ ಬರಿಗಾಲಲ್ಲೇ ಓಡಾಡುತ್ತಿದ್ದ ಅವರಿಗೆ ಪತ್ರಿಕೆಗಳು ಬರಿಗಾಲ ನಿರ್ದೇಶಕ ಅಂತ ಹೆಸರಿಟ್ಟಿದ್ದವು. ಸಿನಿಮಾದವರ ಕೆಂಪು ಕಾರ್ಪೆಟ್ಟಿನ ಮೇಲೆ ಆ ಪಾದಗಳನ್ನು ಒಮ್ಮೆ ಊಹಿಸಿಕೊಳ್ಳಿ.

ಮುಂದಿನದು ‘ಸ್ವಾಮಿ ವಿವೇಕಾನಂದ’, ಹಿಂದಿಯಲ್ಲಿ. ಇಲ್ಲಿ ನಿಯಮದ ಒಂದು ವಿಷಯ ಗಮನಿಸಬೇಕು. ರಾಷ್ಟ್ರಪ್ರಶಸ್ತಿಗೆ ಲೆಕ್ಕ ಸೆನ್ಸಾರ್ ಪತ್ರ ಸಿಕ್ಕ ವರ್ಷದ್ದು, ಬಿಡುಗಡೆಯದ್ದಲ್ಲ. ಅದಕ್ಕೇ ರಾಮಕೃಷ್ಣ ಪರಮಹಂಸರ ಪಾತ್ರಕ್ಕಾಗಿ ಮಿಥುನ್ ಚಕ್ರವರ್ತಿಯವರಿಗೆ 1995ರ ಸಾಲಿನಲ್ಲೇ ಶ್ರೇಷ್ಠ ಪೋಷಕ ನಟ ಪ್ರಶಸ್ತಿ ಬಂತು, ಸಿನಿಮಾ ಥಿಯೇಟರಿಗೆ ಬಂದದ್ದು 1998ರಲ್ಲಿ. ಡಿಸ್ಕೋ ಡ್ಯಾನ್ಸರ್‌ನನ್ನು ಪರಮಹಂಸರನ್ನಾಗಿ ಮಾಡಿ ನೋಡುವ ಕಣ್ಣು ಬೇಕಲ್ಲ, ಅದು ಗುಬ್ಬಿ ಕಂಪನಿಯ ಕಣ್ಣು ಅನ್ನಿಸುತ್ತೆ ನಮಗೆ. ಯಾರಿಗೆ ಯಾವ ವೇಷ ಒಪ್ಪುತ್ತೆ ಅಂತ ಎಂಟನೇ ವಯಸ್ಸಿನಿಂದ ನೋಡಿದ ಕಣ್ಣು.

2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ಅಯ್ಯರ್ ತೀರಿಕೊಂಡರು. 86 ವರ್ಷ ಆಗಿತ್ತು. ರಾಮಾಯಣ ಸಿನಿಮಾ ಮಾಡಬೇಕು ಅಂತ ಓಡಾಡುತ್ತಿದ್ದರು.