ಮನೆಗೆ ಬರುತ್ತಿದ್ದ ಮಹಾಪಂಡಿತನನ್ನೇ ತಿದ್ದಿದ ಹೈಗೆನ್ಸ್: ಚೆಂಡುಗಳ ಡಿಕ್ಕಿಯ ಲೆಕ್ಕ ಬಿಡಿಸಿದ್ದು ಹೀಗೆ

ಓಡಿ ಬಂದ ಬಿಲಿಯರ್ಡ್ಸ್ ಚೆಂಡು ನಿಂತ ಚೆಂಡಿಗೆ ಓರೆಯಾಗಿ ಬಡಿದರೆ ಎರಡೂ ಯಾವ ದಿಕ್ಕಿಗೆ ಹೋಗುತ್ತವೆ? ಪಿಯುಸಿ ವಿದ್ಯಾರ್ಥಿಗಳ ತಲೆ ತಿನ್ನುವ ಈ ಲೆಕ್ಕಕ್ಕೆ ಬುನಾದಿ ಹಾಕಿದವರಲ್ಲಿ ಪ್ರಮುಖರು ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗೆನ್ಸ್.

1629ರ ಏಪ್ರಿಲ್ 14ರಂದು ಹೇಗ್ ನಗರದಲ್ಲಿ ಹುಟ್ಟಿದ ಹೈಗೆನ್ಸ್ ಅವರ ತಂದೆ ಕವಿ, ರಾಜತಾಂತ್ರಿಕ. ಖ್ಯಾತ ತತ್ವಜ್ಞಾನಿ ಡೆಕಾರ್ಟ್ ತಂದೆಯ ಸ್ನೇಹಿತರು, ಮನೆಗೆ ಬಂದು ಹೋಗುತ್ತಿದ್ದವರು. ಡಿಕ್ಕಿಯ ಬಗ್ಗೆ ಡೆಕಾರ್ಟ್ 1644ರಲ್ಲಿ ಏಳು ನಿಯಮ ಪ್ರಕಟಿಸಿದ್ದರು. ಚಿಕ್ಕ ವಸ್ತು ಎಷ್ಟೇ ವೇಗವಾಗಿ ಬಡಿದರೂ ನಿಂತಿರುವ ದೊಡ್ಡ ವಸ್ತು ಅಲುಗದು ಎಂಬುದು ಅವುಗಳಲ್ಲೊಂದು. ಯುವಕ ಹೈಗೆನ್ಸ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಡೆಕಾರ್ಟ್ ವಿರುದ್ಧ ಬರೆಯುವುದು ಗಣಿತ ಕಲಿಸಿದ ಗುರು ವಾನ್ ಸ್ಕೂಟನ್ ಅವರಿಗೂ ಇಷ್ಟವಿರಲಿಲ್ಲ.

ಹೈಗೆನ್ಸ್ ಹಿಡಿದ ದಾರಿ ಸರಳ. ಸಾಗುವ ದೋಣಿಯಲ್ಲಿ ಒಂದೇ ತೂಕದ ಎರಡು ಗಟ್ಟಿ ಚೆಂಡುಗಳು ಸಮ ವೇಗದಲ್ಲಿ ಎದುರುಬದುರಾಗಿ ಬಡಿದು, ಅದೇ ವೇಗದಲ್ಲಿ ಹಿಂದಿರುಗುತ್ತವೆ. ದೋಣಿಯ ವೇಗವೂ ಅಷ್ಟೇ ಇದ್ದರೆ ದಡದಲ್ಲಿ ನಿಂತವನಿಗೆ ಕಾಣುವುದೇ ಬೇರೆ: ಒಂದು ಚೆಂಡು ನಿಂತಿತ್ತು, ಇನ್ನೊಂದು ಇಮ್ಮಡಿ ವೇಗದಲ್ಲಿ ಬಂದು ಬಡಿಯಿತು. ಬಡಿದದ್ದು ನಿಂತಿತು, ನಿಂತಿದ್ದು ಓಡಿತು! ಅಂದರೆ ವೇಗಗಳು ಅದಲುಬದಲಾದವು. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಕೂಡಿದರೆ ಡಿಕ್ಕಿಯ ಮೊದಲೂ ನಂತರವೂ ಮೊತ್ತ ಒಂದೇ ಎಂಬುದನ್ನೂ ಅವರು ಕಂಡುಕೊಂಡರು.

ಹೈಗೆನ್ಸ್ ಬಿಡಿಸಿದ್ದು ನೇರ ಡಿಕ್ಕಿ. ಓರೆ ಡಿಕ್ಕಿಗೂ ಅದೇ ಕೀಲಿಕೈ. ಬಡಿಯುವ ಚೆಂಡಿನ ವೇಗವನ್ನು ಎರಡು ಭಾಗ ಮಾಡಬೇಕು: ಡಿಕ್ಕಿಯ ಕ್ಷಣದಲ್ಲಿ ಚೆಂಡುಗಳ ಕೇಂದ್ರಗಳನ್ನು ಸೇರಿಸುವ ಗೆರೆಯ ಉದ್ದಕ್ಕೆ ಒಂದು, ಅದಕ್ಕೆ ಲಂಬವಾಗಿ ಇನ್ನೊಂದು. ತೂಕ ಸಮವಿದ್ದರೆ ಮೊದಲ ಭಾಗ ಪೂರ್ತಿ ನಿಂತ ಚೆಂಡಿಗೆ ಹೋಗುತ್ತದೆ; ಎರಡನೆಯದು ಬಡಿದ ಚೆಂಡಿನಲ್ಲೇ ಉಳಿಯುತ್ತದೆ. ಹಾಗಾಗಿ ಉಜ್ಜಾಟ, ಗಿರಕಿಗಳನ್ನು ಬದಿಗಿಟ್ಟರೆ ಎರಡೂ 90 ಡಿಗ್ರಿ ಕೋನದಲ್ಲಿ ಚದುರುತ್ತವೆ.

1650ರ ದಶಕದಲ್ಲೇ ಬರೆದಿದ್ದನ್ನು ಹೈಗೆನ್ಸ್ ಪ್ರಕಟಿಸದೆ ಇಟ್ಟುಕೊಂಡದ್ದು ದುಬಾರಿಯಾಯಿತು. ಲಂಡನ್‌ನ ರಾಯಲ್ ಸೊಸೈಟಿ ಕೇಳಿದಾಗ ವಾಲಿಸ್, ರೆನ್ ಮತ್ತು ಹೈಗೆನ್ಸ್ ಮೂವರೂ ಉತ್ತರ ಕಳಿಸಿದರು. 1669ರಲ್ಲಿ ಸೊಸೈಟಿಯ ಪತ್ರಿಕೆ ಮೊದಲು ಅಚ್ಚು ಹಾಕಿದ್ದು ಇಂಗ್ಲೆಂಡಿನ ಇಬ್ಬರದನ್ನು ಮಾತ್ರ. ನೊಂದ ಹೈಗೆನ್ಸ್ ತಮ್ಮ ನಿಯಮಗಳನ್ನು ಫ್ರೆಂಚ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಳಿಕ ಲಂಡನ್ ಪತ್ರಿಕೆಯಲ್ಲೂ ಅವು ಬಂದವು.

ಶನಿಯ ಉಪಗ್ರಹ ಟೈಟನ್ ಪತ್ತೆ, ಲೋಲಕದ ಗಡಿಯಾರ, ಬೆಳಕಿನ ಅಲೆ ಸಿದ್ಧಾಂತ ಅವರಿಗೆ ಹೆಸರು ತಂದವು. 1695ರ ಜುಲೈ 8ರಂದು ಅವರು ತೀರಿಕೊಂಡರು. ಡಿಕ್ಕಿಯ ಕುರಿತ ಪೂರ್ಣ ಗ್ರಂಥ ಅಚ್ಚಾಗಿದ್ದು ಎಂಟು ವರ್ಷಗಳ ಬಳಿಕ, 1703ರಲ್ಲಿ.